ಸಲೂನ್‌ನಲ್ಲಿ ಚೇರ್ ಬಾಡಿಗೆಗೆ ತಗೊಳ್ಳೋದು: ತಿಂಗಳ ಬಾಡಿಗೆನಾ, ಪರ್ಸೆಂಟಾ?

ಕತ್ತರಿಮಲ್ಲಿ

ಎಲ್ಲರಿಗೂ ನಮಸ್ಕಾರ. ನಾನು ಈಗ ಒಂದು ಸಲೂನ್‌ನಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ. ಕಟಿಂಗ್, ಕಲರ್ ಎರಡೂ ಬರುತ್ತದೆ. ನನ್ನನ್ನೇ ಕೇಳಿಕೊಂಡು ಬರುವ ಗಿರಾಕಿಗಳೂ ಒಂದಷ್ಟು ಜನ ಇದ್ದಾರೆ. ಈಗ ಬೇರೆ ಸಲೂನಿನ ಮಾಲೀಕರೊಬ್ಬರು "ನಮ್ಮಲ್ಲಿ ಒಂದು ಚೇರ್ ಖಾಲಿ ಇದೆ, ಬಾಡಿಗೆಗೆ ತಗೊಳ್ಳಿ, ನಿಮ್ಮ ದುಡಿಮೆ ನಿಮಗೆ" ಅಂದಿದ್ದಾರೆ. ಎರಡು ದಾರಿ ಕೊಟ್ಟಿದ್ದಾರೆ. ಒಂದು, ತಿಂಗಳಿಗೆ ಇಷ್ಟು ಅಂತ ಕಟ್ಟಿಬಿಡುವುದು. ಇನ್ನೊಂದು, ದುಡಿದಿದ್ದರಲ್ಲಿ ನೂರಕ್ಕೆ 40 ಅವರಿಗೆ, 60 ನನಗೆ. ಪರ್ಸೆಂಟ್ ಆದರೆ ಕಲರ್, ಶಾಂಪೂ ಎಲ್ಲಾ ಅವರದೇ. ತಿಂಗಳ ಬಾಡಿಗೆ ಆದರೆ ಸಾಮಾನು ನಾನೇ ತರಬೇಕು.

ಒಂದು ಪುಟದ ಅಗ್ರಿಮೆಂಟ್ ಕೊಟ್ಟಿದ್ದಾರೆ, ಇನ್ನೂ ಸಹಿ ಹಾಕಿಲ್ಲ. ಅದರಲ್ಲಿ ಇರುವುದು ಇಷ್ಟು: ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ನಾನು ಅಲ್ಲೇ ಇರಬೇಕು, ವಾರಕ್ಕೆ ಒಂದು ದಿನ ರಜೆ. ಸಲೂನಿನ ರೇಟ್ ಕಾರ್ಡ್‌ನಲ್ಲಿ ಇರುವ ರೇಟೇ ತಗೊಳ್ಳಬೇಕು. ಅವರ ಟೀ ಶರ್ಟ್ ಹಾಕಬೇಕು. ಅವರು ತರಿಸುವ ಕಂಪನಿಯ ಕಲರ್ ಬಿಟ್ಟು ಬೇರೆ ಬಳಸುವ ಹಾಗಿಲ್ಲ. ಬುಕಿಂಗ್, ದುಡ್ಡು ಎಲ್ಲಾ ಕೌಂಟರ್‌ನಲ್ಲೇ, ತಿಂಗಳ ಕೊನೆಗೆ ಲೆಕ್ಕ ಮಾಡಿ ನನಗೆ ಕೊಡುತ್ತಾರೆ. ಬಿಟ್ಟು ಹೋದರೆ ಒಂದು ವರ್ಷ ಹತ್ತಿರದಲ್ಲಿ ಎಲ್ಲೂ ಕೆಲಸ ಮಾಡಬಾರದು.

ಮನೆಯವರು ಸಂಬಳ ಬಿಡಬೇಡ ಅಂತಾರೆ. ಜೊತೆಯಲ್ಲಿ ಕೆಲಸ ಮಾಡುವವರು ಇಂಥ ಚಾನ್ಸ್ ಮತ್ತೆ ಸಿಗಲ್ಲ ಅಂತಾರೆ. ಚೇರ್ ಬಾಡಿಗೆಗೆ ತಗೊಂಡು ಕೆಲಸ ಮಾಡಿದವರು, ಕೊಟ್ಟವರು ಯಾರಾದರೂ ಇದ್ದರೆ ಹೇಳಿ. ಎರಡರಲ್ಲಿ ಯಾವುದು ಒಳ್ಳೆಯದು?

ಹಳೇ_ಬಾಚಣಿಗೆ

ಮೇಡಂ, ನಾನು ಸಂಬಳ, ಪರ್ಸೆಂಟ್, ತಿಂಗಳ ಬಾಡಿಗೆ ಮೂರೂ ನೋಡಿದವನು. ಅಗ್ರಿಮೆಂಟ್ ಬಗ್ಗೆ ಆಮೇಲೆ, ಮೊದಲು ಲೆಕ್ಕ.

ಲೆಕ್ಕವನ್ನು ದುಡ್ಡಿನಲ್ಲಿ ಹಾಕಬೇಡಿ, ತಲೆಗಳಲ್ಲಿ ಹಾಕಿ. ತಿಂಗಳ ಬಾಡಿಗೆ ಎಷ್ಟು ಕಟಿಂಗ್‌ಗೆ ಸಮ ಅಂತ ನೋಡಿ. ಸುಮ್ನೆ ಉದಾಹರಣೆಗೆ 30 ಕಟಿಂಗ್ ಅಂತ ಇಟ್ಟುಕೊಳ್ಳೋಣ. ಪರ್ಸೆಂಟ್ ದಾರಿಯಲ್ಲಿ 75 ಕಟಿಂಗ್ ಮಾಡಿದಾಗ ಅವರಿಗೆ ಹೋಗುವುದೂ ಅದೇ 30. ಅಂದರೆ ತಿಂಗಳಿಗೆ 75 ತಲೆಗಿಂತ ಕಡಿಮೆ ಬಂದರೆ ಪರ್ಸೆಂಟ್ ವಾಸಿ, ಜಾಸ್ತಿ ಬಂದರೆ ಬಾಡಿಗೆ ವಾಸಿ ಅಂತ ಕಾಣುತ್ತದೆ. ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ನಿಮಗೆ ಪರ್ಸೆಂಟ್‌ನಲ್ಲಿ ಸಾಮಾನು ಅವರದು, ಬಾಡಿಗೆಯಲ್ಲಿ ನಿಮ್ಮದು ಅಲ್ವಾ? ದುಡಿದಿದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಸಾಮಾನಿಗೆ ಹೋಗುತ್ತದೆ ಅಂದುಕೊಂಡರೂ ಆ ಗಡಿ 75ರಿಂದ 100ಕ್ಕೆ ಏರುತ್ತದೆ. 100 ತಲೆ ಆದಾಗ ಪರ್ಸೆಂಟ್‌ನಲ್ಲಿ ಅವರಿಗೆ 40 ಹೋಗುತ್ತದೆ, ಬಾಡಿಗೆಯಲ್ಲಿ 30 ಬಾಡಿಗೆ ಪ್ಲಸ್ 10 ಸಾಮಾನು, ಅದೂ 40. ಕಲರ್ ಕೆಲಸ ಜಾಸ್ತಿ ಇದ್ದರೆ ಗಡಿ ಇನ್ನೂ ಮೇಲೆ ಹೋಗುತ್ತದೆ, ಯಾಕಂದರೆ ಟ್ಯೂಬು, ಡೆವಲಪರ್ (ಕಲರ್‌ಗೆ ಬೆರೆಸುವ ಪೆರಾಕ್ಸೈಡ್), ಫಾಯಿಲ್, ಗ್ಲೌಸು ಸೇರಿದರೆ ಕಲರ್‌ನಲ್ಲಿ ಸಾಮಾನಿನ ಪಾಲು ಹತ್ತರಲ್ಲಿ ಒಂದಕ್ಕೆ ನಿಲ್ಲಲ್ಲ.

ಇನ್ನೊಂದು ಮಾತು. ಲೆಕ್ಕವನ್ನು ಹಬ್ಬದ, ಮದುವೆಯ ತಿಂಗಳಿಗೆ ಹಾಕಬೇಡಿ. ನಿಮ್ಮ ಕೆಲಸದಲ್ಲಿ ಅತಿ ಸಪ್ಪೆ ತಿಂಗಳು ಯಾವುದು ಗೊತ್ತಲ್ಲ, ಅದಕ್ಕೆ ಹಾಕಿ. "ನನ್ನನ್ನೇ ಕೇಳಿಕೊಂಡು ಬರುವವರು" ಅಂದಿರಲ್ಲ, ಅವರಲ್ಲಿ ಅರ್ಧ ಜನ ಮಾತ್ರ ಹೊಸ ಜಾಗಕ್ಕೆ ಬರುತ್ತಾರೆ ಅಂತ ಹಿಡಿಯಿರಿ. ಬಾಯಲ್ಲಿ ಎಲ್ಲರೂ ಬರ್ತೀವಿ ಅಂತಾರೆ. ಆಮೇಲೆ ಬಸ್ಸು ದೂರ, ಪಾರ್ಕಿಂಗ್ ಇಲ್ಲ, ಹಳೇ ಜಾಗ ಮನೆ ಪಕ್ಕದಲ್ಲೇ ಇತ್ತು ಅಂತ ಶುರುವಾಗುತ್ತದೆ. ಅವರದೇನೂ ತಪ್ಪಿಲ್ಲ ಬಿಡಿ. ಸಪ್ಪೆ ತಿಂಗಳಲ್ಲಿ, ಅರ್ಧ ಗಿರಾಕಿಗಳನ್ನು ಇಟ್ಟುಕೊಂಡೂ ಬಾಡಿಗೆ ಕಟ್ಟಿ ಮನೆಗೆ ಏನಾದರೂ ಉಳಿಯುತ್ತದೆ ಅಂತಾದರೆ ಧೈರ್ಯವಾಗಿ ಹೋಗಿ.

ಸಂಬಳದಲ್ಲಿ ಇದ್ದಾಗ ಕಣ್ಣಿಗೆ ಬೀಳದ ಕೆಲವು ಖರ್ಚುಗಳಿವೆ. ಕತ್ತರಿ ಸಾಣೆ, ಟ್ರಿಮ್ಮರ್ ಬ್ಲೇಡು, ಟವೆಲ್ ಒಗೆಸುವುದು, ಕೇಪು, ನೆಕ್ ಸ್ಟ್ರಿಪ್ಪು, ಕಾರ್ಡ್ ಮಷಿನ್ ಕಮಿಷನ್ನು. ಒಂದೊಂದೂ ಚಿಕ್ಕದು, ಒಟ್ಟಿಗೆ ಸೇರಿಸಿದರೆ ಚಿಕ್ಕದಲ್ಲ. ಜ್ವರ ಬಂದು ವಾರ ಮಲಗಿದರೆ ಆ ವಾರದ ಬಾಡಿಗೆಯೂ ನಿಲ್ಲಲ್ಲ.

ಮೂರು_ಕನ್ನಡಿ

ನಾನು ಕೊಡುವ ಕಡೆಯವಳು. ಮೂರು ಚೇರ್ ಇರುವ ಚಿಕ್ಕ ಸಲೂನ್ ನನ್ನದು, ಅದರಲ್ಲಿ ಒಂದನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಹಾಗಾಗಿ ಮಾಲೀಕರ ಪರವಾಗಿ ಸ್ವಲ್ಪ ಮಾತಾಡ್ತೀನಿ, ಬೈಬೇಡಿ.

ಚೇರ್ ಬಾಡಿಗೆ ಅಂದರೆ ಬರೀ ಚೇರ್ ಅಲ್ಲ. ಅಂಗಡಿ ಬಾಡಿಗೆ, ಕರೆಂಟು, ಬಿಸಿನೀರು, ಎಸಿ, ಕಸ, ಲೈಸೆನ್ಸು, ಬಾಗಿಲಲ್ಲಿ ಬೋರ್ಡು, ಒಳಗೆ ಬಂದವರನ್ನು ಕೂರಿಸುವ ಸೋಫಾ, ಎಲ್ಲದರ ಪಾಲೂ ಅದರಲ್ಲಿದೆ. ನಮಗೂ ಭಯ ಇರುತ್ತದೆ. ಬಾಡಿಗೆಗೆ ಬಂದವರು ಒಂದು ದಿನ ಹೇಳದೇ ಕೇಳದೇ ಹೊರಟುಬಿಡುತ್ತಾರೆ, ಚೇರ್ ತಿಂಗಳುಗಟ್ಟಲೆ ಖಾಲಿ. ಇಲ್ಲ ಅಂದರೆ ಬೇಸಿನ್ನಿನ ಜಾಲರಿ ತೆಗೆದು ತಲೆ ತೊಳೆದು, ಕೂದಲೆಲ್ಲಾ ಪೈಪಿಗೆ ಇಳಿದು, ಶನಿವಾರ ಮಧ್ಯಾಹ್ನ ನೀರು ಕಟ್ಟಿಕೊಂಡು ನಿಲ್ಲುತ್ತದೆ. ಅಂಥದ್ದಕ್ಕೆ ನಿಯಮ ಹಾಕಿದರೆ ತಪ್ಪಲ್ಲ. ಸ್ವಚ್ಛತೆ, ಬಾಗಿಲು ತೆಗೆಯುವ ಮುಚ್ಚುವ ಸಮಯ, ಬೇಸಿನ್ ಬಳಸಿದ ಮೇಲೆ ಒರೆಸುವುದು, ಜೋರು ಹಾಡು ಹಾಕದೇ ಇರುವುದು, ಇವೆಲ್ಲ ಒಂದೇ ಕೋಣೆಯಲ್ಲಿ ನಾಲ್ಕು ಜನ ದುಡಿಯುವಾಗ ಬೇಕೇ ಬೇಕು.

ಆದರೆ ನಿಮಗೆ ಕೊಟ್ಟಿರುವ ಕಾಗದ ನೋಡಿದರೆ, ಸಂಬಳದವರಿಗೆ ಬರೆದ ಅಗ್ರಿಮೆಂಟ್‌ನಲ್ಲಿ ಸಂಬಳ ಅನ್ನುವ ಪದ ಹೊಡೆದು ಬಾಡಿಗೆ ಅಂತ ಬರೆದ ಹಾಗಿದೆ. ಎಷ್ಟೊತ್ತಿಗೆ ಬರಬೇಕು ಅಂತ ಹೇಳುತ್ತಾರೆ, ರೇಟ್ ಅವರೇ ಹಾಕುತ್ತಾರೆ, ಬಟ್ಟೆ ಅವರದು, ದುಡ್ಡು ಅವರ ಗಲ್ಲಾಕ್ಕೆ. ಇಷ್ಟೆಲ್ಲಾ ಇದ್ದ ಮೇಲೆ ಬಾಡಿಗೆ ಯಾತಕ್ಕೆ ಕೊಡಬೇಕು? ಕೂಲಿ ಕೊಟ್ಟು ಕೂಲಿ ಮಾಡಿದ ಹಾಗಾಯಿತು. ನಾನು ಬಾಡಿಗೆಯವರಿಗೆ ಬೀಗದ ಕೈ ಕೊಟ್ಟಿದ್ದೇನೆ. ಬೆಳಿಗ್ಗೆ 7ಕ್ಕೆ ಒಬ್ಬರು ಗಿರಾಕಿ ಇದ್ದರೆ ಅವರೇ ಬಂದು ತೆಗೆಯುತ್ತಾರೆ. ಅವರ ರೇಟು ನನ್ನದಕ್ಕಿಂತ ಜಾಸ್ತಿ. ನನಗೇನು ಕಷ್ಟ?

ಹೋಗಿ ನೋಡುವಾಗ ಒಂದು ಕೆಲಸ ಮಾಡಿ. ಖಾಲಿ ದಿನ ಹೋಗಬೇಡಿ, ಶನಿವಾರ ಸಂಜೆಯೇ ಹೋಗಿ. ಬೇಸಿನ್ ಎಷ್ಟಿವೆ, ಎಷ್ಟು ಜನ ಅದಕ್ಕೆ ಕಾಯುತ್ತಿದ್ದಾರೆ ನೋಡಿ. ಬಿಸಿನೀರು ಎಷ್ಟು ತಲೆಗೆ ಬರುತ್ತದೆ ಅಂತ ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ, ಮಾಲೀಕರನ್ನಲ್ಲ. ನಿಮ್ಮ ಚೇರ್ ಪಕ್ಕದ ಪ್ಲಗ್ಗು ಯಾರ ಜೊತೆ ಹಂಚಿಕೆಯಲ್ಲಿದೆ ಅದನ್ನೂ ನೋಡಿ. ಸಲೂನ್ ಡ್ರೈಯರ್ ಒಂದೊಂದು ಸುಮಾರು 2,000 ವಾಟ್ ಎಳೆಯುತ್ತದೆ. ಒಂದೇ ಲೈನಿನಲ್ಲಿ ಎರಡು ಡ್ರೈಯರ್ ಒಟ್ಟಿಗೆ ಓಡಿದರೆ ಫ್ಯೂಸ್ ಹೋಗುವ ಜಾಗಗಳು ಬೇಕಾದಷ್ಟಿವೆ, ಅರ್ಧ ಒಣಗಿದ ತಲೆ ಇಟ್ಟುಕೊಂಡು ಗಿರಾಕಿ ಕೂತಿರುತ್ತಾರೆ.

ಸುಮ್ನೆ_ಓದೋನು

ಇಷ್ಟು ತಲೆನೋವು ಯಾಕೆ? ಮನೆಮನೆಗೆ ಹೋಗಿ ಕಟಿಂಗ್ ಮಾಡಿದರೆ ಆಗಲ್ವಾ? ಬಾಡಿಗೆನೇ ಇಲ್ಲ.

ಹಳೇ_ಬಾಚಣಿಗೆ

@ಸುಮ್ನೆ_ಓದೋನು ಆಗುತ್ತದೆ. ಬರೀ ಕಟಿಂಗ್ ಆದರೆ ಚೆನ್ನಾಗೇ ಆಗುತ್ತದೆ. ಆದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ಒಂದು ತಲೆ ಕಳೆದುಹೋಗುತ್ತದೆ. ಕಲರ್ ತೊಳೆಯಲು ಬಾತ್‌ರೂಮಿನಲ್ಲಿ ಬಗ್ಗಿ ನಿಂತರೆ ಸೊಂಟ ಹೋಗುತ್ತದೆ, ಅವರ ಬಿಳಿ ಟೈಲ್ಸ್ ಮೇಲೆ ಕಲೆಯಾದರೆ ಅದೂ ನಿಮ್ಮ ತಲೆಗೇ. ಹೊಸ ಗಿರಾಕಿ ಬಾಗಿಲು ತಳ್ಳಿಕೊಂಡು ಬರುವ ಮಾತೇ ಇಲ್ಲ. ವಾರದಲ್ಲಿ ಎರಡು ದಿನ ಮನೆಮನೆಗೆ, ಮೂರು ದಿನ ಚೇರ್ ಅಂತ ಮಾಡುವವರೂ ಇದ್ದಾರೆ. ಕೆಲವು ಕಡೆ ದಿನದ ಲೆಕ್ಕದಲ್ಲೂ ಚೇರ್ ಕೊಡುತ್ತಾರೆ. ಮೇಡಂ, ಇದನ್ನೂ ಕೇಳಿ ನೋಡಿ.

ಲೆಕ್ಕದ_ಡೈರಿ

ನಾನು ಕತ್ತರಿ ಹಿಡಿದವನಲ್ಲ, ಚಿಕ್ಕ ಅಂಗಡಿಗಳ ಲೆಕ್ಕಪತ್ರ ಬರೆಯುವವನು. ನಾಲ್ಕೈದು ಸಲೂನ್‌ಗಳ ಪುಸ್ತಕ ನನ್ನ ಹತ್ತಿರ ಇರುತ್ತವೆ.

ತಿಂಗಳ ಬಾಡಿಗೆನಾ ಪರ್ಸೆಂಟಾ ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಗಿರಾಕಿ ಕೊಟ್ಟ ದುಡ್ಡು ಮೊದಲು ಯಾರ ಕೈಗೆ ಬರುತ್ತದೆ? ನಿಮ್ಮ ಕಾಗದದ ಪ್ರಕಾರ ಅವರ ಕೈಗೆ. ಅಂದರೆ ನೀವು 1ನೇ ತಾರೀಕು ಮಾಡಿದ ಕೆಲಸದ ದುಡ್ಡು ತಿಂಗಳಿಡೀ ಅವರ ಹತ್ತಿರ ಇರುತ್ತದೆ. ಅವರು ಅದರಲ್ಲಿ ಅಂಗಡಿ ಬಾಡಿಗೆ ಕಟ್ಟಬಹುದು, ಸಾಮಾನು ತರಿಸಬಹುದು. ತಿಂಗಳ ಕೊನೆಗೆ ವ್ಯಾಪಾರ ಕೆಟ್ಟಿತು, ಮುಂದಿನ ವಾರ ಕೊಡ್ತೀನಿ ಅಂದರೆ ನೀವು ಸಾಲ ಕೊಟ್ಟವರ ಸಾಲಿನಲ್ಲಿ ನಿಂತಿರುತ್ತೀರಿ. ಅದೂ ಕೊನೆಯಲ್ಲಿ. ಬಾಡಿಗೆ ಕೊಡುವವರು ನೀವು. ದುಡ್ಡು ನಿಮ್ಮಿಂದ ಅವರ ಕಡೆ ಹೋಗಬೇಕೇ ಹೊರತು ಅವರಿಂದ ನಿಮ್ಮ ಕಡೆ ಬರಬಾರದು. ನಿಮ್ಮದೇ ಕಾರ್ಡ್ ಮಷಿನ್, ನಿಮ್ಮದೇ ಕ್ಯೂಆರ್ ಕೋಡ್, ನಿಮ್ಮ ಹೆಸರಿನ ರಸೀದಿ ಇರಲಿ. ಪರ್ಸೆಂಟ್ ಒಪ್ಪಿಕೊಂಡರೂ ಅಷ್ಟೇ, ನೀವು ವಸೂಲಿ ಮಾಡಿ ಅವರ 40 ಅವರಿಗೆ ಕೊಡಿ. ಅವರು ಒಪ್ಪದಿದ್ದರೆ ದಿನದಿನವೂ ಲೆಕ್ಕ ಆಗಲಿ, ತಿಂಗಳಿಗಲ್ಲ.

ಎರಡನೆಯದು, ನೀವು ಸ್ವಂತ ದುಡಿಮೆಯವರೋ ನೌಕರರೋ ಅನ್ನುವುದನ್ನು ತುಂಬಾ ದೇಶಗಳಲ್ಲಿ ಬರೀ ಕಾಗದ ನೋಡಿ ತೀರ್ಮಾನ ಮಾಡಲ್ಲ. ನಿಜವಾಗಿ ಏನು ನಡೆಯುತ್ತಿದೆ ಅಂತ ನೋಡುತ್ತಾರೆ. ರೇಟ್ ಯಾರು ಇಡುತ್ತಾರೆ, ಸಮಯ ಯಾರು ಹೇಳುತ್ತಾರೆ, ದುಡ್ಡು ಯಾರು ತಗೊಳ್ಳುತ್ತಾರೆ, ಬುಕಿಂಗ್ ಪುಸ್ತಕ ಯಾರದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಕೂದಲು ಕತ್ತರಿಸುವವರ ವಿಷಯದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನೇ ಬರೆದಿಟ್ಟಿದೆ: ತಮ್ಮ ರೇಟ್ ತಾವೇ ಇಡಬೇಕು, ಗಿರಾಕಿಯಿಂದ ನೇರವಾಗಿ ದುಡ್ಡು ತಗೊಳ್ಳಬೇಕು, ಸಮಯ ತಾವೇ ಗೊತ್ತುಮಾಡಬೇಕು, ಬುಕಿಂಗ್ ತಾವೇ ನೋಡಿಕೊಳ್ಳಬೇಕು, ಲೈಸೆನ್ಸ್ ಸ್ವಂತದ್ದಿರಬೇಕು. ಆ ಕಾನೂನು ನಿಮಗೆ ಸಂಬಂಧ ಇಲ್ಲದೇ ಇರಬಹುದು, ನಿಮ್ಮ ಕಡೆ ಏನಿದೆ ಅಂತ ಅಲ್ಲಿಯ ವಕೀಲರನ್ನೋ ತೆರಿಗೆ ಲೆಕ್ಕ ಮಾಡುವವರನ್ನೋ ಕೇಳಿ. ಆದರೆ ಆ ಐದು ಪ್ರಶ್ನೆಗಳನ್ನು ನಿಮ್ಮ ಅಗ್ರಿಮೆಂಟ್ ಪಕ್ಕದಲ್ಲಿಟ್ಟು ನೋಡಿ. ಲೈಸೆನ್ಸ್ ಬಿಟ್ಟರೆ ಉಳಿದ ನಾಲ್ಕಕ್ಕೂ ಉತ್ತರ "ಮಾಲೀಕರು" ಅಂತ ಬರುತ್ತದೆ. ಹಾಗಿದ್ದಾಗ ನೌಕರರಿಗೆ ಸಿಗುವ ರಜೆ, ರಕ್ಷಣೆ ಯಾವುದೂ ಇಲ್ಲ, ಸ್ವಂತ ದುಡಿಮೆಯ ಸ್ವಾತಂತ್ರ್ಯವೂ ಇಲ್ಲ.

ತೆರಿಗೆ ಬಗ್ಗೆ ಒಂದೇ ಮಾತು. ಸಂಬಳ ಬಿಟ್ಟು ಸ್ವಂತಕ್ಕೆ ಬಂದವರು ಮೊದಲ ವರ್ಷ ಗಲ್ಲಾಕ್ಕೆ ಬಂದದ್ದೆಲ್ಲಾ ತಮ್ಮದೇ ಅಂತ ಖರ್ಚು ಮಾಡುತ್ತಾರೆ. ಬೇರೆ ಬ್ಯಾಂಕ್ ಅಕೌಂಟ್ ತೆಗೆದು, ದಿನದ ದುಡಿಮೆಯಲ್ಲಿ ಒಂದು ಪಾಲು ಅವತ್ತೇ ಅದಕ್ಕೆ ಹಾಕಿ. ಸಾಮಾನಿನ ಬಿಲ್ಲು, ಸಾಣೆಯ ಬಿಲ್ಲು, ಬಾಡಿಗೆಯ ರಸೀದಿ ಎಲ್ಲಾ ಇಟ್ಟುಕೊಳ್ಳಿ. ಬಾಡಿಗೆಗೆ ರಸೀದಿ ಕೊಡಲ್ಲ ಅನ್ನುವ ಮಾಲೀಕರ ಹತ್ತಿರ ಹೋಗಲೇಬೇಡಿ.

ಫಾಯಿಲ್_ರಾಣಿ

ಕಲರ್ ಕೆಲಸ ಇದೆ ಅಂದಿರಲ್ಲ, ಅದನ್ನು ಯಾರೂ ಸರಿಯಾಗಿ ಮಾತಾಡಿಲ್ಲ. ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತದೆ.

ಒಂದು ಚೇರ್ ಅಂದರೆ ನಿಜಕ್ಕೂ ಒಂದೇ ಚೇರ್. ಸಂಬಳದಲ್ಲಿ ಇದ್ದಾಗ ಹೇಗೆ ಕೆಲಸ ಮಾಡ್ತೀರಿ ನೆನಪು ಮಾಡಿಕೊಳ್ಳಿ. ಒಬ್ಬರಿಗೆ ಕಲರ್ ಹಚ್ಚಿ, ಅದು ಹಿಡಿಯಲಿ ಅಂತ ಬಿಟ್ಟು, ಪಕ್ಕದ ಖಾಲಿ ಚೇರ್‌ನಲ್ಲಿ ಇನ್ನೊಬ್ಬರ ಕಟಿಂಗ್ ಮುಗಿಸ್ತೀರಿ. ಕಲರ್ ಹಿಡಿಯಲು 30ರಿಂದ 45 ನಿಮಿಷ ಬೇಕು. ಬಾಡಿಗೆ ಚೇರ್‌ನಲ್ಲಿ ಆ ಗಿರಾಕಿ ಅಲ್ಲೇ ಕೂತಿದ್ದರೆ ಅಷ್ಟೂ ಹೊತ್ತು ನೀವು ಕೈಕಟ್ಟಿ ನಿಂತಿರಬೇಕು. ಕಾಯುವ ಗಿರಾಕಿಯನ್ನು ಸೋಫಾದಲ್ಲಿ ಕೂರಿಸಬಹುದಾ, ಬೇರೆ ಚೇರ್ ಖಾಲಿ ಇದ್ದರೆ ಬಳಸಬಹುದಾ, ಬಳಸಿದರೆ ದುಡ್ಡು ಕೇಳುತ್ತಾರಾ, ಇದನ್ನು ಕಾಗದದಲ್ಲಿ ಬರೆಸಿ. ಹಳೇ_ಬಾಚಣಿಗೆ ಸರ್ ಹೇಳಿದ ತಲೆ ಲೆಕ್ಕ ಪೂರ್ತಿ ಇದರ ಮೇಲೆ ನಿಂತಿದೆ. ದಿನಕ್ಕೆ ಆರು ತಲೆ ಅಂದುಕೊಂಡಿದ್ದು ನಾಲ್ಕಕ್ಕೆ ಇಳಿಯುತ್ತದೆ.

"ಅವರ ಕಂಪನಿಯ ಕಲರೇ ಬಳಸಬೇಕು" ಅನ್ನುವುದು ಪರ್ಸೆಂಟ್‌ನಲ್ಲಿ ಸರಿ, ಸಾಮಾನು ಅವರದು. ತಿಂಗಳ ಬಾಡಿಗೆಯಲ್ಲಿ ದುಡ್ಡು ನಿಮ್ಮದು, ಕಲರ್ ಅವರು ಹೇಳಿದ್ದು ಅಂದರೆ ಒಪ್ಪಬೇಡಿ. ನಿಮ್ಮ ಗಿರಾಕಿಗಳ ಶೇಡ್ ನಂಬರ್ ಎಲ್ಲಾ ಹಳೇ ಕಂಪನಿಯ ಲೆಕ್ಕದಲ್ಲಿ ಇರುತ್ತವೆ. ಒಂದು ಕಂಪನಿಯ 5 ಇನ್ನೊಂದು ಕಂಪನಿಯ 5ರ ಹಾಗೆ ಬರಲ್ಲ, ಬೂದಿಗೆ ತಿರುಗುತ್ತದೋ ಕೆಂಪಿಗೆ ತಿರುಗುತ್ತದೋ ಹೊಸದಾಗಿ ಕಲಿಯಬೇಕು. ಮೊದಲ ತಿಂಗಳೇ ಹೊಸ ಜಾಗ, ಹೊಸ ಕಲರ್ ಎರಡೂ ಸೇರಿದರೆ ಬಂದ ಗಿರಾಕಿ ಕನ್ನಡಿ ನೋಡಿ ಮುಖ ಗಂಟು ಹಾಕುತ್ತಾರೆ.

ಇನ್ನು ಪ್ಯಾಚ್ ಟೆಸ್ಟ್, ಅಂದರೆ ಕಲರ್ ಮೈಗೆ ಒಗ್ಗುತ್ತದಾ ಅಂತ ಮೊದಲೇ ಚೂರು ಹಚ್ಚಿ ನೋಡುವುದು. ಸಂಬಳದಲ್ಲಿ ಇದ್ದಾಗ ಯಾರಿಗಾದರೂ ಅಲರ್ಜಿಯಾದರೆ ಮೊದಲು ಮಾಲೀಕರನ್ನು ಹುಡುಕುತ್ತಾರೆ. ಚೇರ್ ಬಾಡಿಗೆಗೆ ತಗೊಂಡ ಮೇಲೆ ನಿಮ್ಮನ್ನೇ ಹುಡುಕುತ್ತಾರೆ. ಪರ್ಮನೆಂಟ್ ಕಲರ್‌ಗಳಲ್ಲಿ, ಅದರಲ್ಲೂ ಕಪ್ಪು ಮತ್ತು ಗಾಢ ಶೇಡ್‌ಗಳಲ್ಲಿ, ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಹತ್ತು ಸಲ ಹಚ್ಚಿದಾಗ ಏನೂ ಆಗದವರಿಗೆ ಹನ್ನೊಂದನೇ ಸಲ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಕೊಳ್ಳಬಹುದು. ಯಾವತ್ತಾದರೂ ಕೈಗೆ ಕಪ್ಪು ಮೆಹಂದಿ ಟ್ಯಾಟೂ ಹಾಕಿಸಿಕೊಂಡಿದ್ದರಾ ಅಂತಲೂ ಕೇಳಿ, ಅದರಲ್ಲಿ ಇದೇ ಪಿಪಿಡಿ ಜಾಸ್ತಿ ಪ್ರಮಾಣದಲ್ಲಿ ಬೆರೆಸಿರುತ್ತಾರೆ, ಮೈ ಅಲ್ಲೇ ಅಲರ್ಜಿ ಕಲಿತಿರಬಹುದು. 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಗೋ ಚೂರು ಹಚ್ಚಿ ನೋಡಿ. ಆಮೇಲೆ ತಾರೀಕು, ಶೇಡ್, ಡೆವಲಪರ್ 6 ಪರ್ಸೆಂಟಾ 9 ಪರ್ಸೆಂಟಾ, ಏನಾಯಿತು ಎಲ್ಲಾ ಕಾರ್ಡ್‌ನಲ್ಲಿ ಬರೆದು ಸಹಿ ತಗೊಳ್ಳಿ. ಗಿರಾಕಿಗಳು "ನಂಗೇನೂ ಆಗಲ್ಲ, ಹಾಕಿ" ಅಂತಾರೆ. ಹಾಕಬೇಡಿ.

ಸಲೂನಿನ ಇನ್ಶೂರೆನ್ಸ್ ಇದೆ ಅಂತ ಮಾಲೀಕರು ಹೇಳಿದರೆ, ಅದರಲ್ಲಿ ನೀವು ಬರ್ತೀರಾ ಅಂತ ಕೇಳಿ. ಬಾಡಿಗೆಗೆ ಕೂತವರು ಬೇರೆ ವ್ಯಾಪಾರದವರು ಅಂತ ಲೆಕ್ಕ, ಸಾಮಾನ್ಯವಾಗಿ ಬರಲ್ಲ. ನಿಮ್ಮ ಹೆಸರಿಗೇ ಒಂದು ಪಾಲಿಸಿ ಇರಬೇಕು. ಕ್ಲೇಮ್ ಮಾಡುವಾಗ ಅವರು ಕೇಳುವುದೂ ಆ ಪ್ಯಾಚ್ ಟೆಸ್ಟ್ ಕಾರ್ಡನ್ನೇ.

ಬಾಚಣಿಗೆ ಮುಳುಗಿಸಿಡುವ ನೀಲಿ ದ್ರಾವಣದ ಜಾರ್ ಕೂಡ ನಿಮ್ಮದೇ ಇಟ್ಟುಕೊಳ್ಳಿ. ಎಲ್ಲರದೂ ಒಂದೇ ಜಾರ್ ಆದರೆ ಬದಲಾಯಿಸುವ ಕೆಲಸ ಯಾರದೂ ಆಗಲ್ಲ. ಮೊದಲು ಕೂದಲು ತೆಗೆದು ತೊಳೆದು, ಆಮೇಲೆ ಪೂರ್ತಿ ಮುಳುಗುವ ಹಾಗೆ 10 ನಿಮಿಷ ಇಡಬೇಕು, ದ್ರಾವಣ ದಿನಾ ಬದಲಾಯಿಸಬೇಕು. ಮೇಲೆ ಕೂದಲು ತೇಲುತ್ತಿರುವ ಜಾರ್ ಬರೀ ಶೋಕಿಗೆ.

ಕತ್ತರಿಮಲ್ಲಿ

ಅಬ್ಬಾ, ಇಷ್ಟೆಲ್ಲಾ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮೂರು_ಕನ್ನಡಿ ಅಕ್ಕ ಹೇಳಿದ ಹಾಗೆ ಶನಿವಾರ ಸಂಜೆ ಹೋಗಿ ಕೂತಿದ್ದೆ. ನಾಲ್ಕು ಚೇರ್‌ಗೆ ಒಂದೇ ಬೇಸಿನ್. ಕಲರ್ ತೊಳೆಯಲು ಇಬ್ಬರು ತಲೆಗೆ ಕವರ್ ಸುತ್ತಿಕೊಂಡು ನಿಂತಿದ್ದರು, ಅದರಲ್ಲಿ ಒಬ್ಬರು ಟೈಮ್ ಎಷ್ಟಾಯಿತು ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಅದನ್ನು ನೋಡಿ ಸ್ವಲ್ಪ ಗಾಬರಿಯಾಯಿತು.

ಒಂದು ವರ್ಷ ಹತ್ತಿರದಲ್ಲಿ ಕೆಲಸ ಮಾಡಬಾರದು ಅನ್ನುವುದರ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಈಗಿನ ಸಲೂನಿನ ಗಿರಾಕಿಗಳ ಫೋನ್ ನಂಬರ್ ಎಲ್ಲಾ ಕೌಂಟರ್ ಪುಸ್ತಕದಲ್ಲಿದೆ. ಅದನ್ನು ಫೋಟೋ ತೆಗೆದುಕೊಂಡು ಬಾ ಅಂತ ಜೊತೆಯವರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಸರಿನಾ ಅದು?

ಹಳೇ_ಬಾಚಣಿಗೆ

ಫೋಟೋ ತೆಗೆಯಬೇಡಿ. ಆ ಪುಸ್ತಕ ಸಲೂನಿಂದು, ಅದರಲ್ಲಿರುವ ನಂಬರ್‌ಗಳನ್ನು ಜನ ಕೊಟ್ಟಿದ್ದು ಆ ಸಲೂನಿಗೆ. ಈಗ ತುಂಬಾ ಕಡೆ ಇದಕ್ಕೇ ಕಾನೂನು ಇದೆ. ಕಾನೂನು ಬಿಡಿ, ಈ ಕೆಲಸದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, "ಪುಸ್ತಕ ಕದ್ದುಕೊಂಡು ಹೋದಳು" ಅನ್ನುವ ಹೆಸರು ಹತ್ತು ವರ್ಷ ಹೋಗಲ್ಲ. ನಿಮ್ಮ ಸ್ವಂತ ಇನ್‌ಸ್ಟಾಗ್ರಾಂ ಪೇಜ್ ಇದ್ದರೆ ಸಾಕು, ಹುಡುಕುವವರು ಹುಡುಕಿಕೊಂಡು ಬರುತ್ತಾರೆ. ಈಗಿನ ಸಲೂನ್ ಜೊತೆ ಮಾಡಿಕೊಂಡ ಕಾಗದ ಇದ್ದರೆ ಅದನ್ನೂ ತೆಗೆದು ಓದಿ. ಅದರಲ್ಲೂ ಇಂಥದ್ದೇ ಸಾಲು ಇರಬಹುದು.

ಹೊಸ ಜಾಗದಲ್ಲಿ ಇದನ್ನೇ ತಿರುಗಿಸಿ ನೋಡಿ. ಬುಕಿಂಗ್ ಎಲ್ಲಾ ಅವರ ಕೌಂಟರ್‌ನಲ್ಲಿ ಆದರೆ, ಎರಡು ವರ್ಷ ಕಷ್ಟಪಟ್ಟು ಹಿಡಿದ ಗಿರಾಕಿಗಳ ನಂಬರ್ ಅವರ ಪುಸ್ತಕದಲ್ಲಿ ಇರುತ್ತದೆ, ನಿಮ್ಮದರಲ್ಲಿ ಇರಲ್ಲ. ಬುಕಿಂಗ್ ನಿಮ್ಮ ಫೋನಿಗೇ ಬರಲಿ. ಬಾಗಿಲಿಗೆ ಬಂದು "ಯಾರಾದರೂ ಕಟ್ ಮಾಡಿ" ಅನ್ನುವ ವಾಕ್-ಇನ್ ಗಿರಾಕಿ ಯಾರಿಗೆ ಅಂತಲೂ ಮೊದಲೇ ಮಾತಾಡಿಕೊಳ್ಳಿ. ಸಲೂನ್‌ಗಳಲ್ಲಿ ಜಗಳ ಶುರುವಾಗುವುದೇ ಅಲ್ಲಿಂದ.

ಮೂರು_ಕನ್ನಡಿ

ಒಂದು ವರ್ಷದ ಸಾಲಿಗೆ ನಾನು ಹೇಳ್ತೀನಿ. ಮಾಲೀಕರ ಭಯ ಏನಂದರೆ, ನೀವು ಬಿಟ್ಟು ಪಕ್ಕದ ಬಾಗಿಲಿಗೇ ಹೋಗಿ, ಅವರ ಗಿರಾಕಿಗಳನ್ನೂ ಎಳೆದುಕೊಂಡು ಹೋಗ್ತೀರಿ ಅಂತ. ಸಂಬಳ ಕೊಟ್ಟು, ಕೆಲಸ ಕಲಿಸಿ, ಗಿರಾಕಿ ಕೊಟ್ಟು ಬೆಳೆಸಿದವರ ವಿಷಯದಲ್ಲಿ ಆ ಭಯಕ್ಕೆ ಅರ್ಥ ಇದೆ. ಚೇರ್ ಬಾಡಿಗೆಗೆ ತಗೊಂಡವರು ತಮ್ಮ ಗಿರಾಕಿಗಳನ್ನು ತಾವೇ ತಂದಿರುತ್ತಾರೆ, ಹೋಗುವಾಗ ತಗೊಂಡು ಹೋಗುತ್ತಾರೆ. ಮನೆ ಖಾಲಿ ಮಾಡುವವರಿಗೆ ಈ ಬೀದಿಯಲ್ಲಿ ಮತ್ತೆ ಮನೆ ಮಾಡಬಾರದು ಅಂತ ಯಾರಾದರೂ ಹೇಳುತ್ತಾರಾ? ಆ ಸಾಲು ತೆಗೆಸಿ. ಅದರ ಬದಲು ಬಿಡುವ ಮೊದಲು ಒಂದು ತಿಂಗಳ ನೋಟಿಸ್ ಅಂತ ನೀವೇ ಬರೆದು ಕೊಡಿ, ಅದು ಇಬ್ಬರಿಗೂ ಅನ್ವಯ ಆಗಲಿ. ಅವರು ನಿಮ್ಮನ್ನು ಏಳಿಸಬೇಕಾದರೂ ಒಂದು ತಿಂಗಳು ಮೊದಲು ಹೇಳಬೇಕು. ಬಾಡಿಗೆ ಏರಿಸುವುದು ವರ್ಷಕ್ಕೆ ಒಂದೇ ಸಲ ಅಂತಲೂ ಸೇರಿಸಿ. ವರ್ಷದಲ್ಲಿ ಎರಡು ವಾರವಾದರೂ ಬಾಡಿಗೆ ಇಲ್ಲದ ರಜೆ ಕೇಳಿ, ಕೆಲವರು ಕೊಡುತ್ತಾರೆ.

ಒಂದು ಬೇಸಿನ್ ವಿಷಯ ಮಾತ್ರ ಮಾತಿನಿಂದ ಸರಿಹೋಗುವುದಲ್ಲ. ಕಲರ್ ತೊಳೆಯುವುದು ತಡವಾದರೆ ಕೂದಲಿಗೇ ತೊಂದರೆ, ಅದರಲ್ಲೂ ಬ್ಲೀಚ್ ಆದರೆ ಹೇಳುವುದೇ ಬೇಡ. ಇನ್ನೊಂದು ಬೇಸಿನ್ ಹಾಕಿಸುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ.

ಕತ್ತರಿಮಲ್ಲಿ

ಮಾತಾಡಿ ಬಂದೆ. ಅಷ್ಟೇನೂ ಕಷ್ಟ ಆಗಲಿಲ್ಲ, ನಾನೇ ಜಾಸ್ತಿ ಹೆದರಿದ್ದೆ. ಒಂದು ವರ್ಷದ ಸಾಲು, ಟೀ ಶರ್ಟ್, ಟೈಮಿಂಗ್ ಮೂರೂ ತೆಗೆಯಲು ಒಪ್ಪಿದರು. ಎಲ್ಲೋ ಸಿಕ್ಕಿದ ಕಾಗದ ಹಾಗೇ ಪ್ರಿಂಟ್ ಹಾಕಿಸಿದ್ದು ಅಂದರು. ರೇಟ್ ನನ್ನದೇ, ದುಡ್ಡು ನನ್ನ ಕ್ಯೂಆರ್‌ಗೇ. ಮೊದಲ 3 ತಿಂಗಳು ಪರ್ಸೆಂಟ್, 40ರ ಬದಲು 35ಕ್ಕೆ ಇಳಿಸಿದ್ದಾರೆ, ಸಾಮಾನು ಅವರದೇ. ಆಮೇಲೆ ಬೇಕಾದರೆ ತಿಂಗಳ ಬಾಡಿಗೆಗೆ ಬದಲಾಯಿಸಬಹುದು, ಆಗ ಕಲರ್ ನನ್ನ ಇಷ್ಟ. ಬೇಸಿನ್ ಮಾತ್ರ ಈಗ ಆಗಲ್ಲ ಅಂದರು. ಹಾಗಾಗಿ ಶನಿವಾರ, ಭಾನುವಾರ ಬರೀ ಕಟಿಂಗ್ ಮತ್ತು ಬ್ಲೋ ಡ್ರೈ, ಕಲರ್ ಬುಕಿಂಗ್ ಎಲ್ಲಾ ವಾರದ ಮಧ್ಯೆ ತಗೊಳ್ಳೋಣ ಅಂತ ಯೋಚನೆ ಮಾಡಿದ್ದೇನೆ.

ಅಡ್ವಾನ್ಸ್ ಒಂದು ತಿಂಗಳದ್ದು ಕೇಳಿದ್ದಾರೆ. ಕೊಡುವ ಮೊದಲು ಇನ್ನೇನಾದರೂ ನೋಡಬೇಕಾ?

ಲೆಕ್ಕದ_ಡೈರಿ

35ಕ್ಕೆ ಇಳಿಸಿದ್ದು ಒಳ್ಳೆಯದಾಯಿತು. ಮಾತಾಡಿದ್ದೆಲ್ಲಾ ಹೊಸ ಕಾಗದದಲ್ಲಿ ಬರಲಿ, ಹಳೇದರ ಮೇಲೆ ಗೀಟು ಹಾಕಿ ಸಹಿ ಮಾಡಬೇಡಿ. 3 ತಿಂಗಳ ನಂತರ ಬಾಡಿಗೆ ಎಷ್ಟು ಅನ್ನುವುದೂ ಈಗಲೇ ಬರೆಸಿ, ಆಮೇಲೆ ಮಾತಾಡೋಣ ಅಂದರೆ ಅಷ್ಟೊತ್ತಿಗೆ ನಿಮ್ಮ ಗಿರಾಕಿಗಳು ಅಲ್ಲಿ ಕೂತಿರುತ್ತಾರೆ, ಬಾಡಿಗೆ ಏರುತ್ತದೆ. ಅಡ್ವಾನ್ಸ್ ಯಾವಾಗ ವಾಪಸ್, ಯಾವ ಕಾರಣಕ್ಕೆ ಹಿಡಿಯಬಹುದು, ಎರಡು ಸಾಲು ಸಾಕು.

ಹಳೇ_ಬಾಚಣಿಗೆ

ಚೇರನ್ನೇ ನೋಡಿ. ಯಾರೂ ನೋಡಲ್ಲ. ಯಾರನ್ನಾದರೂ ಕೂರಿಸಿ, ಪೆಡಲ್ ಒತ್ತಿ ಪೂರ್ತಿ ಮೇಲಕ್ಕೆ ಎತ್ತಿ, ಐದು ನಿಮಿಷ ಬಿಡಿ. ತಾನಾಗೇ ಕೆಳಗೆ ಇಳಿದರೆ ಪಂಪ್ ಹೋಗಿದೆ, ಬುಡದಲ್ಲಿ ಎಣ್ಣೆ ಜಿನುಗಿರುತ್ತದೆ. ಅಂಥ ಚೇರ್‌ನಲ್ಲಿ ದಿನಾ ಬಗ್ಗಿ ಕೆಲಸ ಮಾಡಿದರೆ ಸೊಂಟ ನಿಮ್ಮದು. ಸೀಟ್ ಹರಿದಿದ್ದರೆ, ಕನ್ನಡಿ ಮೂಲೆ ಒಡೆದಿದ್ದರೆ ಈಗಲೇ ಫೋಟೋ ತೆಗೆದು ಮಾಲೀಕರ ವಾಟ್ಸಾಪ್‌ಗೆ ಕಳಿಸಿ. ಆಮೇಲೆ ಅಡ್ವಾನ್ಸ್ ಕೊಡಿ.